ಗೃಹಾರೋಗ್ಯ ವಿಚಾರ: ತ್ವಚೆಯ ನಿತ್ಯವಿಧಿ

ಈ ತಿಂಗಳು ನಾವು ಒಂದು ತಪ್ಪೊಪ್ಪಿಗೆಯಿಂದ ಆರಂಭಿಸಬೇಕಾಗಿದೆ. ಪರರಿಗೆ ಆರೋಗ್ಯವಿಚಾರವನ್ನು ಹೇಳಹೊರಟವರು ತಮ್ಮ ಮಾತಿನಲ್ಲಿಯೂ ಪಥ್ಯವನ್ನು ನೋಡಿಕೊಳ್ಳಬೇಕಷ್ಟೆ. ಅದನ್ನು ಮರೆತು ನಾವು ಒಂದು ಮನೆಯಲ್ಲಿ ಆಡಿದ ಒಂದು ಮಾತು ಒಬ್ಬ ಬಾಲೆಯ ಕೇಡಿಗೆ ಸಹಾಯಮಾಡಿತು. ಆ ಸಂಗತಿಯನ್ನು ಮುಚ್ಚಿಡುವುದಕ್ಕಿಂತ ವಾಚಕರ ಮುಂದಿಟ್ಟು, ಅದರಿಂದ ನಾಲ್ಕು ಜನಕ್ಕೆ ಉಪಯೋಗವಾಗುವಂತೆ ಮಾಡುವುದೇ ಯುಕ್ತವೆಂದು ತೋರಿತು.

ಕಳೆದ ದೀಪಾವಳಿಯಲ್ಲಿ ನಾವು ತಿರುಮಕೂಡಲು ನರಸೀಪುರದ ನಮ್ಮ ಬಂಧುಗಳ ಮನೆಗೆ ಹೋಗಿದ್ದೆವು. ಆ ಮನೆಯ ಹತ್ತೊಂಬತ್ತು ವರ್ಷದ ಮಗಳನ್ನು ನೋಡಿ, “ಏನಮ್ಮ, ಈಚೆಗೆ ಬಣ್ಣ ತಿರುಗಿದೆಯಲ್ಲ!” ಎಂದು ಮೆಚ್ಚಿ ನುಡಿದೆವು. ಹುಡುಗಿ ನಾಚಿ ಒಳಗೆ ಹೋದಳು. ತಾಯಿಯ ಮುಖ ಅರಳಿತು. ಹೆಣ್ಣು ನೋಡುವ ಮಾತು ಆಗಲೇ ನಡೆಯುತ್ತಿದ್ದುದರಿಂದ ಮನೆಯವರಿಗೆಲ್ಲ ನಮ್ಮ ಮಾತು ಶುಭಶಕುನದಂತೆ ಕೇಳಿಸಿತು. ನಾವು ಊಟಮಾಡಿ, ತಾಂಬೂಲ ತೆಗೆದುಕೊಂಡು, ಆ ಮಾತನ್ನು ಅಲ್ಲಿಯೇ ಮರೆತು ಹಿಂದಿರುಗಿದೆವು.

ಈ ವರ್ಷ ಫಾಲ್ಗುಣ ಮಾಸದಲ್ಲಿ ನಂಜನಗೂಡಿನ ದೊಡ್ಡ ಜಾತ್ರೆಗೆ ಹೋಗುವ ಯೋಗ ನಮಗೆ ಕೂಡಿಬಂತು. ಶ್ರೀಕಂಠೇಶ್ವರನ ಪಂಚರಥಗಳು ಬೀದಿಯಲ್ಲಿ ಸಾಗಿದುದನ್ನು ಕಣ್ತುಂಬ ನೋಡಿ, ಮರುದಿನ ಕಪಿಲೆಯ ಸ್ನಾನಘಟ್ಟದ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕುಳಿತಿದ್ದೆವು. ಮುಡಿಕೊಟ್ಟವರು, ಉರುಳುಸೇವೆಗೆ ಒದ್ದೆಬಟ್ಟೆಯಲ್ಲಿ ಹೊರಟವರು, ಮಕ್ಕಳ ಮೈಯುಜ್ಜಿ ಮುಳುಗಿಸುತ್ತಿದ್ದ ತಾಯಂದಿರು, ಹೀಗೆ ಒಂದು ಲೋಕವೇ ಅಲ್ಲಿ ನೆರೆದಿತ್ತು. ಮೈಯ ರೋಗಕ್ಕೆ ನಂಜುಂಡನನ್ನು ಮೊರೆಹೋಗುವುದು ನಮ್ಮ ಸೀಮೆಯಲ್ಲಿ ಹಿಂದಿನಿಂದ ಬಂದ ನಂಬಿಕೆ. ಟಿಪ್ಪು ಸುಲ್ತಾನನ ಪಟ್ಟದಾನೆಯ ಕಣ್ಣುಬೇನೆ ಇಲ್ಲಿ ವಾಸಿಯಾಯಿತೆಂದೂ, ಅದಕ್ಕೆ ಸುಲ್ತಾನನು ಪಚ್ಚೆಲಿಂಗವನ್ನು ಒಪ್ಪಿಸಿ ಸ್ವಾಮಿಯನ್ನು ‘ಹಕೀಂ ನಂಜುಂಡ’ನೆಂದು ಕರೆದನೆಂದೂ ಐತಿಹ್ಯವುಂಟು. ಊರಿಗೆ ವೈದ್ಯದ ಹೆಸರು ಬಂದದ್ದು ಐತಿಹ್ಯದಿಂದ ಮಾತ್ರವೇ ಅಲ್ಲ. ಪಂಡಿತ ಬಿ. ವಿ. ಪಂಡಿತರು 1913ರಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯೂ, ಅದರ ನಂಜನಗೂಡು ಹಲ್ಲುಪುಡಿಯೂ ಕನ್ನಡನಾಡಿನ ಮನೆಮನೆಯ ಮಾತಾಗಿವೆ.

ಅಲ್ಲಿ ಕುಳಿತಿದ್ದಾಗ ‘ನಂಜು’ ಎಂಬ ಪದವೇ ನಮ್ಮ ಮನಸ್ಸಿನಲ್ಲಿ ಸುಳಿಯತೊಡಗಿತು. ವಿಷವನ್ನುಂಡವನು ನಂಜುಂಡ, ಅವನು ನೆಲಸಿದ ಊರು ನಂಜನಗೂಡು. ಮನೆಯ ಮಾತಿನಲ್ಲಿಯೂ ನಂಜೆಂದರೆ ಹೆಂಗಸರಿಗೆಲ್ಲ ತಿಳಿದುದೇ. ಗಾಯ ಕೀವಾದರೆ ‘ನಂಜಾಯಿತು’ ಎನ್ನುತ್ತೇವೆ. ಮೈ ತುರಿಸುತ್ತಿರುವವರಿಗೆ ‘ಬದನೆಕಾಯಿ ನಂಜು, ಬೇಡ’ ಎನ್ನುತ್ತೇವೆ. ಹೊರಗಿನ ನಂಜು ಒಳಕ್ಕೆ ಬಾರದಂತೆ ತಡೆಯುವುದಕ್ಕೆ ಭಗವಂತನು ನಮಗೆ ಕೊಟ್ಟಿರುವ ಕೋಟೆಯೇ ತ್ವಚೆ. ಬೆಳೆದ ಮನುಷ್ಯನ ಮೈಮೇಲೆ ಅದು ಸುಮಾರು ಒಂದೂವರೆಯಿಂದ ಎರಡು ಚದರ ಮೀಟರಿನಷ್ಟು ಹರಡಿರುತ್ತದೆ. ಕೋಟೆಯನ್ನು ಕಾಯುವುದಕ್ಕೂ ಕೋಟೆಗೆ ಸುಣ್ಣ ಬಳಿಯುವುದಕ್ಕೂ ಬಹಳ ಅಂತರವುಂಟು. ಆ ಅಂತರ ಎಷ್ಟೆಂಬುದು ಮರುದಿನವೇ ನಮಗೆ ಅನುಭವಕ್ಕೆ ಬಂತು.

ಕಪಿಲೆ ನಂಜನಗೂಡನ್ನು ದಾಟಿ, ಸುತ್ತೂರಿನ ಬಳಿ ಹಾಯ್ದು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ನಾವೂ ಅದೇ ದಿಕ್ಕು ಹಿಡಿದು ಬಂಧುಗಳ ಮನೆಯನ್ನು ಸೇರಿದೆವು. ಎಂದೂ ಬಾಗಿಲಿಗೆ ಓಡಿಬರುತ್ತಿದ್ದ ಹುಡುಗಿ ಅಂದು ಬರಲಿಲ್ಲ. ಒಳಗಿನ ಕೋಣೆಯಲ್ಲಿ ಕಿಟಕಿ ಮುಚ್ಚಿಕೊಂಡು ಕುಳಿತಿದ್ದಳು. ಕೆನ್ನೆಗಳೆರಡೂ ಸುಟ್ಟಂತೆ ಕೆಂಪಾಗಿದ್ದುವು. ಗಲ್ಲದ ಸುತ್ತಲೂ ಸಣ್ಣ ಸಣ್ಣ ಗುಳ್ಳೆಗಳು ಎದ್ದಿದ್ದುವು. ಕೆನ್ನೆಯಂಚಿನಲ್ಲಿ ಹಿಂದೆ ಇಲ್ಲದ ನವುರಾದ ಕೂದಲು ಕಾಣಿಸಿಕೊಂಡಿತ್ತು. ಬಿಸಿಲು ಸೋಕಿದರೆ ಉರಿ, ಒಲೆಯ ಮುಂದೆ ನಿಂತರೆ ಉರಿ, ನೀರು ತಗಲಿದರೂ ಉರಿ.

ಕೇಳಿದಾಗ ತಲೆದಿಂಬಿನ ಅಡಿಯಿಂದ ಒಂದು ಪುಟ್ಟ ಟ್ಯೂಬನ್ನು ತೆಗೆದುಕೊಟ್ಟಳು. ವೈದ್ಯರ ಚೀಟಿಯಿಲ್ಲದೆಯೇ ಔಷಧದಂಗಡಿಯಲ್ಲಿ ಕೇಳಿ ತಂದದ್ದು. ಮೊದಲ ತಿಂಗಳಲ್ಲಿ ಮುಖ ಬೆಳ್ಳಗಾಯಿತು. ಎರಡನೆಯ ತಿಂಗಳಲ್ಲಿ ಹಚ್ಚದಿದ್ದರೆ ಉರಿಯತೊಡಗಿತು. ಆಮೇಲೆ ಹಚ್ಚಿದರೂ ಉರಿಯತೊಡಗಿತು. “ಮೊದಲೇ ಏಕೆ ನಿಲ್ಲಿಸಲಿಲ್ಲ?” ಎಂದೆವು. ಆಕೆ ತಲೆಯೆತ್ತದೆ, “ದೊಡ್ಡಮ್ಮ, ಬಣ್ಣ ಬಂದಿದೆ ಅಂತ ನೀವೂ ಅಂದ್ರಲ್ಲ. ಅದಕ್ಕೇ ಬಿಡದೆ ಹಚ್ಚಿಕೊಂಡೆ” ಎಂದಳು. ನಮಗೆ ಉತ್ತರ ಹೊಳೆಯಲಿಲ್ಲ.

ಟ್ಯೂಬಿನ ಮೇಲಿನ ಬರಹವನ್ನು ಕನ್ನಡಕ ಏರಿಸಿ ಓದಿದೆವು: ಹೈಡ್ರೋಕ್ವಿನೋನ್, ಟ್ರೆಟಿನೋಯಿನ್, ಮೊಮೆಟಸೋನ್. ಈ ಮೂರನೆಯದು ಸ್ಟೆರಾಯ್ಡ್ ಜಾತಿಯ ಔಷಧ. ಇಂಥ ಮದ್ದು ವೈದ್ಯರ ಕೈಯಲ್ಲಿ ಕೆಲವು ವಾರಗಳ ಮಟ್ಟಿಗೆ ಗುಣಕಾರಿಯಾದುದೇ ಸರಿ. ಮನಬಂದಂತೆ ತಿಂಗಳುಗಟ್ಟಲೆ ಹಚ್ಚಿದರೆ ಮಾತ್ರ ತ್ವಚೆ ತೆಳುವಾಗುತ್ತದೆ, ಸಣ್ಣ ರಕ್ತನಾಳಗಳು ಮೇಲೆ ಕಾಣಿಸುತ್ತವೆ, ಮೊಡವೆಯೂ ಕೂದಲೂ ಏಳುತ್ತವೆ. ಬಿಟ್ಟೊಡನೆ ಮುಖ ಹೊತ್ತಿದಂತಾಗುತ್ತದೆ. ಈ ಹಾವಳಿಯನ್ನು ಕಂಡೇ ಕೇಂದ್ರ ಸರಕಾರದವರು 2018ರಲ್ಲಿ ಹಲವು ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ನಿಯಮವನ್ನು ಬಿಗಿಮಾಡಿದರು. ಆದರೂ ಚೀಟಿ ಕೇಳದ ಅಂಗಡಿಗಳು ಇವೆ, ಕೊಳ್ಳುವವರೂ ಇದ್ದಾರೆ. ಅದೇ ಮನೆಯ ಯಜಮಾನರು ತಮ್ಮ ಸೊಂಟದ ಗಜಕರ್ಣಕ್ಕೆ ಮಗಳ ಟ್ಯೂಬನ್ನೇ ಹಚ್ಚಿಕೊಂಡಿದ್ದರೆಂದು ಆಮೇಲೆ ತಿಳಿಯಿತು. ತುರಿಕೆ ಎರಡು ದಿನ ನಿಂತು, ಹುಳುಕಡ್ಡಿ ಮೈಯೆಲ್ಲಾ ಹಬ್ಬಿತ್ತು! ಸ್ಟೆರಾಯ್ಡ್ ತುರಿಕೆಯನ್ನು ಅಡಗಿಸುತ್ತದೆ. ಒಳಗಿನ ಬೂಷ್ಟು ನಿರಾತಂಕವಾಗಿ ಬೆಳೆಯುತ್ತದೆ.

ಬೆಳ್ಳಗಾಗಿಸುವ ಲೇಪಗಳಲ್ಲಿ ಇನ್ನೊಂದು ಘೋರವಾದ ವಸ್ತು ಪಾದರಸ. ನಮ್ಮ ದೇಶದ 2020ರ ಸೌಂದರ್ಯಸಾಧನ ನಿಯಮಗಳು ಪಾದರಸ ಬೆರೆಸಿ ಇಂಥವನ್ನು ತಯಾರಿಸುವುದನ್ನು ನಿಷೇಧಿಸಿವೆ. ಹಾಗಿದ್ದೂ 2023ರಲ್ಲಿ ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ, ತಯಾರಿಸಿದವರ ವಿಳಾಸವೂ ಸರಿಯಾಗಿಲ್ಲದ ಕ್ರೀಮುಗಳನ್ನು ಹಚ್ಚಿಕೊಂಡವರಿಗೆ ಮೂತ್ರಪಿಂಡದ ರೋಗ ಬಂದುದನ್ನು ವೈದ್ಯರು ಕಂಡುಹಿಡಿದರು. ಕೆನ್ನೆಗೆ ಬಳಿದದ್ದು ಮೂತ್ರಪಿಂಡಕ್ಕೆ ತಗಲಿತು. ಕೋಟೆಯನ್ನು ನಾವೇ ಒಡೆದು ನಂಜಿಗೆ ದಾರಿಮಾಡಿಕೊಡುವುದೆಂದರೆ ಇದೇ.

ಹಾಗಾದರೆ ಮುಖವನ್ನು ಹಾಗೆಯೇ ಬಿಟ್ಟುಬಿಡಬೇಕೆ, ಏನೂ ಮಾಡಕೂಡದೆ, ಎಂದು ಸೋದರಿಯರು ಕೇಳಬಹುದು. ಮಾಡತಕ್ಕದ್ದು ಅವಶ್ಯವಾಗಿ ಉಂಟು. ಆದರೆ ಅದು ಮೂರೇ ಕೆಲಸ: ತೊಳೆಯುವುದು, ತೇವ ಉಳಿಸುವುದು, ಬಿಸಿಲಿಗೆ ಮರೆಮಾಡುವುದು. ಇದಕ್ಕಿಂತ ಹೆಚ್ಚಿನದೇನಿದ್ದರೂ ಅದು ರೋಗಕ್ಕೆ ಸಂಬಂಧಿಸಿದುದು, ವೈದ್ಯರಿಗೆ ಬಿಟ್ಟುದು. ಈಗ ಒಂದೊಂದನ್ನೇ ವಿವರಿಸುತ್ತೇವೆ.

ಮೊದಲನೆಯದು ತೊಳೆಯುವುದು. ತ್ವಚೆಯ ಮೇಲ್ಪದರವನ್ನು ಇಟ್ಟಿಗೆಯ ಗೋಡೆಗೆ ಹೋಲಿಸಬಹುದು. ಸತ್ತ ಜೀವಕೋಶಗಳೇ ಇಟ್ಟಿಗೆ. ಅವುಗಳ ನಡುವಣ ಜಿಡ್ಡೇ ಗಾರೆ. ಕೊಳೆಯನ್ನು ತೆಗೆಯುವ ಭರದಲ್ಲಿ ಗಾರೆಯನ್ನೇ ತೊಳೆದುಹಾಕಿದರೆ ಗೋಡೆ ಬಿರಿಯುತ್ತದೆ. ನಮ್ಮ ಮೈಸೂರಿನವರಿಗೆ ಸಾಬೂನಿನ ಮೇಲೆ ಅಭಿಮಾನ ಹೆಚ್ಚು, ಅದು ಸಹಜವೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಯುದ್ಧದಿಂದ ಗಂಧದ ಮರದ ರಫ್ತು ನಿಂತಾಗ, 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆಯೂ, ಅದರ ಹಿಂದೆಯೇ ಬೆಂಗಳೂರಿನಲ್ಲಿ ಸಾಬೂನಿನ ಕಾರ್ಖಾನೆಯೂ ಆರಂಭವಾದುವು. ಆದರೆ ಪರಿಮಳ ಯಾವುದೇ ಇರಲಿ, ಸಾಬೂನೆಂಬ ವಸ್ತು ಸಾಮಾನ್ಯವಾಗಿ ಕ್ಷಾರಗುಣದ್ದು. ಆಮ್ಲ ಕ್ಷಾರಗಳನ್ನು ಅಳೆಯುವ ಪಿ.ಎಚ್. ಮಾನದಲ್ಲಿ ತ್ವಚೆ ಸುಮಾರು 5, ಸಾಬೂನು 9ರಿಂದ 10. ಆದುದರಿಂದ ಸಾಬೂನನ್ನು ಕಂಕುಳು, ತೊಡೆಸಂದು, ಪಾದ ಮೊದಲಾಗಿ ಬೆವರು ಕೊಳೆಗಳು ಸೇರುವ ಕಡೆಗೆ ಹಚ್ಚಿದರೆ ಸಾಕು. ಮುಖಕ್ಕೆ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಉಗುರುಬೆಚ್ಚನೆಯ ಅಥವಾ ತಣ್ಣೀರು. ರಾತ್ರಿ ಮಾತ್ರ ಮೃದುವಾದ, ನೊರೆ ಕಡಿಮೆಯಿರುವ ಮುಖಮಾರ್ಜಕ. ಕೈಬೆರಳಿನಿಂದಲೇ ಹಗುರವಾಗಿ ಸವರಿ, ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸತಕ್ಕದ್ದು; ಉಜ್ಜಕೂಡದು. ತೊಳೆದ ಮೇಲೆ ಮುಖ ಬಿಗಿಹಿಡಿದಂತಾದರೆ ‘ಚೆನ್ನಾಗಿ ಶುಚಿಯಾಯಿತು’ ಎಂದು ತಿಳಿಯಬಾರದು; ಗಾರೆ ಹೋಯಿತೆಂದು ತಿಳಿಯಬೇಕು.

ಕಡಲೆಹಿಟ್ಟು, ಹೆಸರುಹಿಟ್ಟುಗಳ ಮಾತೇನೆಂದು ಹಿರಿಯರು ಕೇಳುವರು. ನುಣ್ಣಗೆ ಬೀಸಿದ ಹಿಟ್ಟನ್ನು ನೀರಿನಲ್ಲಿ ಕಲಸಿ ಮೃದುವಾಗಿ ಬಳಸಿದರೆ ಒಗ್ಗುವವರಿಗೆ ಬಾಧಕವಿಲ್ಲ. ತರಿಯಿರುವ ಹಿಟ್ಟಿನಿಂದ ದಿನವೂ ತಿಕ್ಕುವುದು ಮಾತ್ರ ತಪ್ಪು. ನಿಂಬೆರಸವನ್ನು ಮುಖಕ್ಕೆ ಹಚ್ಚಿ ಬಿಸಿಲಿಗೆ ಹೋಗುವುದು ಅದಕ್ಕಿಂತಲೂ ದೊಡ್ಡ ತಪ್ಪು. ಆ ರಸ ಬಿಸಿಲಿನೊಡನೆ ಸೇರಿ ತ್ವಚೆಯನ್ನು ಸುಟ್ಟು ಕಪ್ಪುಕಲೆಯನ್ನು ಉಳಿಸುತ್ತದೆ. ಮೊಡವೆಗೆ ಹಲ್ಲುಜ್ಜುವ ಪೇಸ್ಟನ್ನೂ, ಅಡಿಗೆ ಸೋಡವನ್ನೂ ಹಚ್ಚುವುದು ಈಗಿನ ಹುಡುಗರ ಹೊಸ ಹುಚ್ಚು. ಹಲ್ಲಿನದು ಹಲ್ಲಿಗೆ, ಅಡಿಗೆಯದು ಅಡಿಗೆಗೆ.

ಪುಣ್ಯಸ್ನಾನಕ್ಕೆ ಹೋದವರಿಗೆ ಇಲ್ಲಿ ಒಂದು ಮಾತು. ಸ್ನಾನಘಟ್ಟದಲ್ಲಿ ಸಾಬೂನು, ಶ್ಯಾಂಪೂ ಬಳಸಿ ಅದರ ಕಾಗದ ಪೊಟ್ಟಣಗಳನ್ನು ನೀರಿಗೆ ಬಿಡುವ ಪದ್ಧತಿಯನ್ನು ನಾವು ಕೈಬಿಡಬೇಕು. 2025ರ ಮಾರ್ಚಿಯಲ್ಲಿ ನಮ್ಮ ರಾಜ್ಯದ ಅರಣ್ಯಸಚಿವರು ತೀರ್ಥಕ್ಷೇತ್ರಗಳ ನದೀತೀರದಿಂದ 500 ಮೀಟರಿನೊಳಗೆ ಇವುಗಳ ಮಾರಾಟವನ್ನು ತಡೆಯಬೇಕೆಂದು ಅಧಿಕಾರಿಗಳಿಗೆ ಸೂಚಿಸಿದರು. ನಂಜನ್ನು ಕಳೆಯಲೆಂದು ಕಪಿಲೆಗಿಳಿದು, ಕಪಿಲೆಗೇ ನಂಜಿಕ್ಕಿ ಬರುವುದು ಯಾವ ಧರ್ಮ?

ಎರಡನೆಯದು ತೇವವನ್ನುಳಿಸುವುದು. ನಮ್ಮ ಪೂರ್ವಿಕರು ದಿನಚರ್ಯೆಯಲ್ಲಿ ಅಭ್ಯಂಗವನ್ನು ಸೇರಿಸಿದುದು ಸುಮ್ಮನೆ ಅಲ್ಲ. ಸ್ನಾನವಾದ ಮೇಲೆ ಮೈಯಿನ್ನೂ ಹಸಿಯಾಗಿರುವಾಗಲೇ, ಎರಡು ಮೂರು ನಿಮಿಷದೊಳಗೆ, ಲೇಪವನ್ನು ಹಚ್ಚಿದರೆ ನೀರಿನಂಶ ಒಳಗೇ ನಿಲ್ಲುತ್ತದೆ; ಒಣಗುವವರೆಗೆ ಕಾಯಬೇಕಾಗಿಲ್ಲ. ಮೈಕೈಗಳಿಗೆ ಮನೆಯ ಕೊಬ್ಬರಿ ಎಣ್ಣೆ ಉತ್ತಮವಾದುದು. ಮೊಡವೆಯಿರುವ ಮುಖಕ್ಕೆ ಮಾತ್ರ ಅದು ಹೊಂದದು. ರಂಧ್ರಗಳನ್ನು ಮುಚ್ಚಿ ಮೊಡವೆಯನ್ನು ಹೆಚ್ಚಿಸುತ್ತದೆ. ಅಂಥವರು ಗ್ಲಿಸರಿನ್ ಸೇರಿದ, ಪರಿಮಳವಿಲ್ಲದ, ಹಗುರವಾದ ಲೇಪವನ್ನು ಆರಿಸಿಕೊಳ್ಳಬೇಕು. ಅಂಗಡಿಯಲ್ಲಿ ಅದನ್ನು ಮಾಯಿಶ್ಚರೈಸರ್ ಎನ್ನುತ್ತಾರೆ. ಧನುರ್ಮಾಸದ ಚಳಿಯಲ್ಲಿ ಒಡೆಯುವ ಹಿಮ್ಮಡಿಗೂ ತುಟಿಗೂ ಪೆಟ್ರೋಲಿಯಂ ಜೆಲ್ಲಿಗಿಂತ ಅಗ್ಗವಾದ ಸ್ನೇಹಿತನಿಲ್ಲ. ಕೊಳವೆಬಾವಿಯ ಗಡಸುನೀರಿರುವ ಊರುಗಳಲ್ಲಿ ಸಾಬೂನಿನ ನೊರೆ ಬಾರದೆ ಅದರ ಜಿಗುಟು ಮೈಮೇಲೆ ಉಳಿಯುತ್ತದೆ. ಅಲ್ಲಿಯವರಿಗೆ ಈ ಎರಡನೆಯ ಕೆಲಸ ಇನ್ನೂ ಮುಖ್ಯ.

ಮೂರನೆಯದು ಬಿಸಿಲಿಗೆ ಮರೆಮಾಡುವುದು. ಇದನ್ನೇ ನಮ್ಮವರು ಹೆಚ್ಚಾಗಿ ಅಲಕ್ಷ್ಯಮಾಡುತ್ತಾರೆ. ನಂಜನಗೂಡು ನರಸೀಪುರಗಳು ಭೂಮಧ್ಯರೇಖೆಯಿಂದ ಉತ್ತರಕ್ಕೆ ಕೇವಲ ಹನ್ನೆರಡು ಡಿಗ್ರಿಗಳಷ್ಟು ದೂರದಲ್ಲಿವೆ. ಬೇಸಗೆಯ ನಡುಹಗಲಿನಲ್ಲಿ ಸೂರ್ಯನ ಅತಿನೇರಳೆ ಕಿರಣಗಳ ಮಾನ ಇಲ್ಲಿ 11ನ್ನು ಮುಟ್ಟುವುದು, ಮೀರುವುದು ಅಪರೂಪವಲ್ಲ. ಆ ಮಾನದಲ್ಲಿ 8 ದಾಟಿದರೇ ‘ಅತಿ ಹೆಚ್ಚು’ ಎಂದೆಣಿಕೆ. ನಮ್ಮ ಕಪ್ಪುಬಣ್ಣವೇ ಈ ಕಿರಣಗಳಿಗೆ ಪ್ರಕೃತಿ ಹಿಡಿದ ಕೊಡೆ. ಆದರೆ ಆ ಕೊಡೆ ಪೂರ್ತಿಯಾಗಿ ಮುಚ್ಚದು. ಹೆರಿಗೆಯ ಅನಂತರ ಅನೇಕ ಹೆಂಗಸರ ಕೆನ್ನೆಯ ಮೇಲೆ ಕಂದುಮಚ್ಚೆಯಾಗಿ ಹರಡುವ ಭಂಗು ಬಿಸಿಲಿನಿಂದಲೇ ಬಲಿಯುತ್ತದೆ. ಬಿಸಿಲನ್ನು ತಡೆಯದೆ ಯಾವ ಮದ್ದು ಹಚ್ಚಿದರೂ ಸೋರುವ ಕೊಡಕ್ಕೆ ನೀರು ಹೊತ್ತಂತೆ.

ಬಿಸಿಲನ್ನು ತಡೆಯುವ ಲೇಪವನ್ನು ಸನ್‌ಸ್ಕ್ರೀನ್ ಎನ್ನುತ್ತಾರೆ. ಕೊಳ್ಳುವಾಗ ಅದರ ಮೇಲೆ ಎಸ್.ಪಿ.ಎಫ್. 30 ಅಥವಾ ಹೆಚ್ಚು ಎಂದಿರುವುದನ್ನೂ, ಎರಡು ಬಗೆಯ ಅತಿನೇರಳೆ ಕಿರಣಗಳನ್ನೂ ತಡೆಯುತ್ತದೆಂದು ಬರೆದಿರುವುದನ್ನೂ ನೋಡಬೇಕು. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಹಿಂಡಿದಷ್ಟು ಲೇಪ ಮುಖಕ್ಕೂ ಕತ್ತಿಗೂ ಬೇಕು. ಕುಂಕುಮದಷ್ಟು ಹಚ್ಚಿ ಗುಣವಿಲ್ಲವೆನ್ನುವುದು ನ್ಯಾಯವಲ್ಲ. ಹೊರಡುವ ಕಾಲು ಗಂಟೆ ಮುಂಚೆ ಹಚ್ಚಿ, ಹೊರಗೇ ಇರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚತಕ್ಕದ್ದು. ಇಷ್ಟು ವೆಚ್ಚ ಎಲ್ಲ ಮನೆಗೂ ನಿಲುಕದೆಂಬುದು ನಮಗೆ ತಿಳಿದಿದೆ. ಕಾಲುವೆಯ ನೀರಿನಲ್ಲಿ ನಾಟಿಮಾಡುವ ತಾಯಿಗೆ ಟ್ಯೂಬಿನ ಉಪದೇಶ ಮಾಡುವುದು ಹಾಸ್ಯಾಸ್ಪದ. ಅಗಲವಾದ ಟೊಪ್ಪಿಗೆ, ತಲೆಗೂ ಕೆನ್ನೆಗೂ ಸುತ್ತಿದ ಗಟ್ಟಿ ಬಟ್ಟೆ, ಉದ್ದ ತೋಳಿನ ಅಂಗಿ, ಸಂತೆಗೆ ಹೋಗುವಾಗ ಕೊಡೆ, ಸಾಧ್ಯವಾದಷ್ಟು ಮಟ್ಟಿಗೆ ಹತ್ತರಿಂದ ನಾಲ್ಕರವರೆಗಿನ ಬಿಸಿಲನ್ನು ತಪ್ಪಿಸುವುದು: ಇವು ಯಾವ ಲೇಪಕ್ಕೂ ಕಡಿಮೆಯಲ್ಲ.

ಇನ್ನು ಅನುಷ್ಠಾನದ ಕ್ರಮ. ಬೆಳಿಗ್ಗೆ: ತೊಳೆದು, ತೇವದ ಲೇಪ, ಮೇಲೆ ಬಿಸಿಲಿನ ಲೇಪ. ರಾತ್ರಿ: ತೊಳೆದು, ತೇವದ ಲೇಪ. ಹೊಸದಾಗಿ ಆರಂಭಿಸುವವರು ಮೂರನ್ನೂ ಒಂದೇ ದಿನ ತರಬಾರದು. ಒಂದನ್ನು ತಂದು ಎರಡು ವಾರ ನೋಡಿ, ಹೊಂದಿದರೆ ಮತ್ತೊಂದು. ಹೀಗೆ ಮಾಡಿದರೆ ಯಾವುದು ಒಗ್ಗಲಿಲ್ಲವೆಂಬುದು ತಾನೇ ತಿಳಿಯುತ್ತದೆ. ಒಮ್ಮೆಗೇ ಹತ್ತು ಬಾಟಲುಗಳನ್ನು ತಂದವರಿಗೆ ಕಳ್ಳನಾರೆಂದು ಗೊತ್ತಾಗದು.

ಯಾವುದೇ ಲೇಪವನ್ನು ಮುಖಕ್ಕೆ ಹಚ್ಚುವ ಮುನ್ನ ಪರೀಕ್ಷೆ ಮಾಡಿಕೊಳ್ಳತಕ್ಕದ್ದು. ತಿರುಮಕೂಡಲಿನ ಗುಂಜಾನರಸಿಂಹಸ್ವಾಮಿಯ ವಿಷಯ ವಾಚಕರಿಗೆ ತಿಳಿದೇ ಇದೆ. ಸ್ವಾಮಿಯ ಕೈಯಲ್ಲಿ ಗುಲಗಂಜಿ ಇದೆ. ಆ ಗುಲಗಂಜಿಯ ತೂಕದಷ್ಟು ಈ ಕ್ಷೇತ್ರ ಕಾಶಿಗಿಂತಲೂ ಹೆಚ್ಚೆಂದು ಅಲ್ಲಿಯವರ ಹೆಮ್ಮೆ. ನಮ್ಮ ಪರೀಕ್ಷೆಗೂ ಗುಲಗಂಜಿಯಷ್ಟೇ ಸಾಕು. ಅಷ್ಟು ಲೇಪವನ್ನು ಮುಂಗೈಯ ಒಳಭಾಗದಲ್ಲಿ ಒಂದೇ ಕಡೆ ದಿನಕ್ಕೆರಡು ಸಲ, ಒಂದು ವಾರ ಹಚ್ಚಿ ನೋಡುವುದು. ಕೆಂಪು, ತುರಿಕೆ, ಗುಳ್ಳೆ ಯಾವುದೂ ಏಳದಿದ್ದರೆ ಮುಖಕ್ಕೆ ಹಚ್ಚಬಹುದು. ತ್ವಚೆಯ ಮೇಲ್ಪದರ ಹೊಸದಾಗುವುದಕ್ಕೆ ಸುಮಾರು ನಾಲ್ಕು ವಾರ ಬೇಕು. ವಯಸ್ಸಾದಂತೆ ಇನ್ನೂ ಹೆಚ್ಚು. ಆದಕಾರಣ ಎರಡು ತಿಂಗಳು ತಾಳಿಯೇ ಫಲವನ್ನು ಎಣಿಸಬೇಕು. ‘ಏಳು ದಿನದಲ್ಲಿ’ ಎಂದು ಸಾರುವ ಲೇಪ ಯಾವುದೇ ಇರಲಿ, ಅದನ್ನು ಕಂಡೊಡನೆ ಎರಡು ಹೆಜ್ಜೆ ಹಿಂದೆ ಸರಿಯುವುದು ಕ್ಷೇಮ.

ಅಲಂಕಾರದ ವಸ್ತುಗಳಲ್ಲಿಯೂ ಎಚ್ಚರ ಬೇಕು. ಹಣೆಗೆ ಅಂಟಿಸುವ ಬಿಂದಿಯ ಅಂಟಿನಲ್ಲಿರುವ ಕೆಲವು ರಾಸಾಯನಿಕಗಳಿಂದ, ಇಟ್ಟ ಜಾಗ ತುರಿಸಿ, ಆಮೇಲೆ ಬೆಳ್ಳಗಾಗುವುದುಂಟು. ಹಾಗೆ ಕಂಡವರು ಆ ಬಿಂದಿಯನ್ನು ಅಂದೇ ಬಿಟ್ಟು ವೈದ್ಯರಿಗೆ ತೋರಿಸಬೇಕು. ಕುಂಕುಮದಿಂದ ತುರಿಕೆಯಾದರೂ ಹಾಗೆಯೇ. ‘ಬಿಟ್ಟರೆ ಅಮಂಗಳ’ವೆಂದು ಹುಣ್ಣಿನ ಮೇಲೆ ಹಚ್ಚುವುದು ಯಾವ ಶಾಸ್ತ್ರದಲ್ಲಿಯೂ ಇಲ್ಲ.

ಮುಖದ ಮಾತೇ ದೀರ್ಘವಾಯಿತು, ಕೈಯನ್ನು ಮರೆಯಬಾರದು. ನರಸೀಪುರದಲ್ಲಿ ರೇಷ್ಮೆ ನೂಲು ತೆಗೆಯುವ ಸರಕಾರದ ಕಾರ್ಖಾನೆಯುಂಟು. ರೇಷ್ಮೆಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಎಳೆ ಹಿಡಿಯುವ ಕೆಲಸದಲ್ಲಿ ಬೆರಳುಗಳು ದಿನವಿಡೀ ನೀರಿನಲ್ಲಿರಬೇಕಾಗುತ್ತದೆ; ಎಲ್ಲಿಯೇ ಈ ಕೆಲಸವಿರಲಿ, ಬೆರಳಸಂದು ಬೆಂದು ಬಿಳುಪೇರಿ ಒಡೆಯುವ ಭಯವುಂಟು. ಪಾತ್ರೆ ತೊಳೆಯುವವರಿಗೂ ನಾಟಿಯವರ ಕಾಲಿಗೂ ಇದೇ ಕಷ್ಟ. ಇಂಥವರು ಕೆಲಸ ಮುಗಿದೊಡನೆ ಬೆರಳಸಂದುಗಳನ್ನು ಚೆನ್ನಾಗಿ ಒರೆಸಿ ಒಣಗಿಸಿ, ಬಳಿಕ ಪೆಟ್ರೋಲಿಯಂ ಜೆಲ್ಲಿಯನ್ನೋ ಕೊಬ್ಬರಿ ಎಣ್ಣೆಯನ್ನೋ ಕೈಗೆ ಹಚ್ಚಿ ಮಲಗಬೇಕು. ನಾವು ಉಡುವ ರೇಷ್ಮೆಯ ಹೊಳಪಿನ ಹಿಂದೆ ಎಷ್ಟು ಬೆಂದ ಬೆರಳುಗಳಿವೆಯೆಂಬುದನ್ನು ನೆನೆದರೆ, ‘ಚೆಲುವಾದ ಕೈ’ ಎಂಬ ಮಾತಿಗೆ ಬೇರೆ ಅರ್ಥ ತೋರುತ್ತದೆ.

ಮನೆಯ ಉಪಚಾರ ಎಲ್ಲಿ ನಿಲ್ಲಬೇಕೆಂಬುದನ್ನೂ ಹೇಳಿಬಿಡುತ್ತೇವೆ. ಸ್ಪರ್ಶ ತಿಳಿಯದ ಮಸುಕು ಮಚ್ಚೆ, ವಾಸಿಯಾಗದ ಹುಣ್ಣು, ಬೆಳೆಯುವ ಅಥವಾ ಬಣ್ಣ ಬದಲಿಸುವ ಮಚ್ಚೆ, ಹಬ್ಬುವ ಗಜಕರ್ಣ, ಕಲೆ ಉಳಿಸುವ ಮೊಡವೆ: ಇವುಗಳಿಗೆ ವೈದ್ಯರೇ ಗತಿ. ಸ್ಪರ್ಶವಿಲ್ಲದ ಮಚ್ಚೆ ಕುಷ್ಠದ ಮೊದಲ ಗುರುತಾಗಿರಬಹುದು. ಬೇಗ ತೋರಿಸಿದರೆ ಅದು ಪೂರ್ತಿಯಾಗಿ ವಾಸಿಯಾಗುವ ರೋಗ, ಅದರ ಮದ್ದನ್ನು ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಎರಡು ಊರುಗಳಲ್ಲಿಯೂ ತಾಲ್ಲೂಕು ಆಸ್ಪತ್ರೆಗಳಿವೆ. ಮೈಸೂರಿನಲ್ಲಿ ಕೃಷ್ಣರಾಜೇಂದ್ರ ಆಸ್ಪತ್ರೆಯಿದೆ. ಹರಕೆಯನ್ನು ನಂಜುಂಡನಿಗೆ ಹೊತ್ತುಕೊಳ್ಳಲಿ. ಮೈಯನ್ನು ವೈದ್ಯರಿಗೆ ತೋರಿಸಲಿ. ಒಂದು ಮತ್ತೊಂದಕ್ಕೆ ಅಡ್ಡಿಯಲ್ಲ.

ನಮ್ಮ ಹುಡುಗಿಯನ್ನೂ ಮರುದಿನವೇ ಮೈಸೂರಿಗೆ ಕರೆದುಕೊಂಡು ಹೋದೆವು. ವೈದ್ಯರು ಆ ಟ್ಯೂಬನ್ನು ನೋಡಿ ನಿಟ್ಟುಸಿರುಬಿಟ್ಟು, ತಿಂಗಳುಗಟ್ಟಲೆ ಹಚ್ಚಿದುದನ್ನು ಬಿಡಿಸುವ ಕ್ರಮವನ್ನೂ, ಉರಿಗೆ ಮದ್ದನ್ನೂ ಬರೆದುಕೊಟ್ಟರು. ಮಿಕ್ಕಂತೆ ಅವರು ಹೇಳಿದುದು ಮೇಲಿನ ಮೂರು ಕೆಲಸಗಳನ್ನೇ. ಹುಡುಗಿಯ ತಂದೆಯವರಿಗೂ ಅಂದೇ ಬೇರೆ ಮದ್ದಾಯಿತು. ಹೆಣ್ಣು ನೋಡಬರುವವರಿಗೆ ಏನು ಹೇಳುವುದೆಂದು ತಾಯಿ ಚಿಂತಿಸುತ್ತಿದ್ದಾಗ ಹುಡುಗಿ ತಾನೇ, “ಅಮ್ಮ, ಬಣ್ಣ ನೋಡೋಕೆ ಬರೋರು ಬರೋದೇ ಬೇಡ” ಎಂದಳು. ಆಕೆಯ ಬಾಯಲ್ಲಿ ಅಷ್ಟು ದೃಢವಾದ ಮಾತನ್ನು ನಾವು ಹಿಂದೆ ಕೇಳಿರಲಿಲ್ಲ.

ಮೂರು ತಿಂಗಳು ಕಳೆದ ಮೇಲೆ ಮೊನ್ನೆ ಆಕೆಯಿಂದ ಕಾಗದ ಬಂತು. ಅದರಲ್ಲಿ, “ಹಳೆಯ ಬಣ್ಣವೇ ಬಂದಿದೆ ದೊಡ್ಡಮ್ಮ, ಉರಿ ಇಲ್ಲ” ಎಂದು ಬರೆದಿದ್ದಳು. ಅದನ್ನು ಓದಿ ನಮಗೆ ಆದ ಸಂತೋಷಕ್ಕೆ ಪಾರವಿಲ್ಲ. ಸೋದರಿಯರೇ, ಮುಂದೆ ಮನೆಗೆ ಬಂದ ಹೆಣ್ಣುಮಕ್ಕಳನ್ನು ಮಾತನಾಡಿಸುವಾಗ ಅವರ ಓದನ್ನು ಕೇಳೋಣ, ಕೆಲಸವನ್ನು ಕೇಳೋಣ, ಊಟವಾಯಿತೇ ಎಂದು ಕೇಳೋಣ. ಬಣ್ಣದ ಮಾತನ್ನು ಬಿಡೋಣ. ತ್ವಚೆಯ ಸಂರಕ್ಷಣೆಯಲ್ಲಿ ಈ ನಾಲ್ಕನೆಯ ಕೆಲಸ ಹಿರಿಯರಾದ ನಮ್ಮ ಪಾಲಿನದು. ಅದಕ್ಕೆ ಬಿಡಿಕಾಸಿನ ವೆಚ್ಚವೂ ಇಲ್ಲ.

ಮುಂದಿನ ತಿಂಗಳು ಕೇಶಸಂರಕ್ಷಣೆಯನ್ನು ಕುರಿತು ಬರೆಯುವೆವು.